ಹರಿಗೋಲಿಗೆಂದು ಕೂರಲು ಕಲಿತದ್ದು

ನನಗೆ ಕೂರಲು ಬರುವುದಿಲ್ಲ. ಓದು ಕಡಿಮೆ ಎಂದು ಹೇಳಿಕೊಳ್ಳಲು ಎಂದೂ ನಾಚಿದವಳಲ್ಲ. ಆದರೆ ಕೂರಲು ಬಾರದು ಎಂದರೆ ಯಾರು ನಂಬುತ್ತಾರೆ? ನಾಯಿಗೂ ಬರುವ ವಿದ್ಯೆ ಅದು. ಊಟಕ್ಕೆ ಕೂತರೆ ಉಪ್ಪಿಗೆಂದು ಏಳುತ್ತೇನೆ, ಉಪ್ಪು ತಂದು ಕೂತರೆ ಕೊಟ್ಟಿಗೆಯಲ್ಲಿ ಎಮ್ಮೆ ಕೆಮ್ಮಿತೆಂದು ಏಳುತ್ತೇನೆ.

ಈ ಕೊರತೆ ಬಯಲಾದದ್ದು ನಮ್ಮ ಮನೆಗೆ ಪಂಪ್ ಸ್ಟೌ ಬಂದ ವರ್ಷ. ನನ್ನ ಮಗ ಶಿವಣ್ಣ ನರಸೀಪುರದಲ್ಲಿ ಮೇಷ್ಟ್ರು. ಒಂದು ಭಾನುವಾರ ಮನೆಮಂದಿಯೆಲ್ಲ ಹರಿಗೋಲಿನಲ್ಲಿ ತಲಕಾಡಿನ ಮರಳಿನವರೆಗೆ ಹೋಗುವುದೆಂದು ಗೊತ್ತುಮಾಡಿದ. ಬೆಳಗ್ಗೆ ಹತ್ತಿದರೆ ಸಂಜೆಗೆ ಇಳಿಯುವುದು. ನಡುವೆ ಬಂಡೆಗಳು, ನೀರು ನೊರೆ ಕಾರುತ್ತ ನುಗ್ಗುವ ಜಾಗಗಳು. ದಾರಿಯಲ್ಲೇ ನನ್ನ ತವರು ಹೆಮ್ಮಿಗೆ. ಹುಡುಗಿಯಾಗಿದ್ದಾಗ ಅಲ್ಲಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ, ಹೊಳೆಯ ನಡುವೆ ಹಾದುಹೋಗುವವರನ್ನು ಹೊಟ್ಟೆಕಿಚ್ಚಿನಿಂದ ನೋಡಿದ್ದೆ. ಹೊಳೆಯಲ್ಲಿ ಮಿಂದೆ, ಪಾತ್ರೆ ಬೆಳಗಿದೆ. ಹೊಳೆಯ ಮೇಲೆ ಹೋಗಲಿಲ್ಲ. ಒಂದೇ ಒಂದು ಸಲ ದಡದವರು ನನ್ನನ್ನು ಹಾಗೆ ನೋಡಬೇಕು ಎಂಬ ಆಸೆ. ಮುಚ್ಚಿಡುವುದೇನು.

ಎಷ್ಟು ಜನವೆಂದು ಕೇಳಲು ಅಂಬಿಗ ಮಾದಯ್ಯ ಮನೆಗೆ ಬಂದ. ಅವನು ಜಗುಲಿಯಲ್ಲಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಾನು ಒಳಕ್ಕೂ ಹೊರಕ್ಕೂ ಓಡಾಡಿದ್ದನ್ನು ನೋಡಿ ಲೋಟ ಕೆಳಗಿಟ್ಟ.

"ಎಲ್ರೂ ಬರ್ಲಿ ಸಾ. ಅವ್ವ ಬ್ಯಾಡ" ಎಂದ ನನ್ನ ಮಗನಿಗೆ.

"ಯಾಕ್ಲಾ, ನಾನೇನು ಅಷ್ಟು ದಪ್ಪ ಇದ್ದೀನಾ?"

"ದಪ್ಪ ಇದ್ರೆ ಎದುರ್ಗೆ ಇನ್ನೊಬ್ಬ ದಪ್ಪದೋರ್ನ ಕೂರುಸ್ಬೋದು. ನೀವು ಕೂರಕಿಲ್ವಲ್ಲವ್ವ! ಬಂಡೆ ತಾವು ಒಬ್ರು ಎದ್ಬುಟ್ರೆ ಅರಿಗೋಲು ಮಕಾಡೆ ಮಲಿಕತದೆ."

"ಕೂತ್ಕತೀನಿ ಕಣ್ಲಾ."

"ಬಾನ್ವಾರದೊಳ್ಗೆ ಕಲ್ತ್ಕಳಿ, ಕರ್ಕಂಡೋಯ್ತೀನಿ."

ಅವತ್ತಿನಿಂದ ಸೊಸೆ ರಾಜಮ್ಮನದು ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಸಿದ್ಧತೆ. ನನ್ನದು ನಡುಮನೆಯ ಕಂಬ ನೋಡುತ್ತ ಕೂರುವ ಸಿದ್ಧತೆ. ಸ್ಟೌ ಬುಸ್ಸೆಂದಿತು, ಎದ್ದೆ.

"ಅತ್ತೆ, ಮುಳುಗೋದ್ರಿ!" ಎಂದಳು ಒಳಗಿಂದ.

ಮತ್ತೆ ಕೂತೆ. ಕಾಗೆ ಹಪ್ಪಳಕ್ಕೆ ಬಾಯಿ ಹಾಕಿತು, ಎದ್ದೆ.

"ಈಗ ನಿಮ್ಮ ಮಗನ್ನೂ ಮುಳುಗ್ಸುದ್ರಿ. ಹಬ್ಬಕ್ಕೆ ನಂಗೆ ಸೀರೆ ಕೊಡ್ಸೋರು ಯಾರು?"

ಕಾವಿಗೆ ಕೂತ ಕೋಳಿಯ ಬಳಿ ಹೋಗಿ ಅದು ಹೇಗೆ ಕೂರುತ್ತದೆಂದು ನೋಡಿದೆ. ಅದರ ಅಡಿಯಲ್ಲಿ ಮೊಟ್ಟೆಯಿತ್ತು, ನನ್ನ ಅಡಿಯಲ್ಲಿ ಬರೀ ನೆಲ. ಕೆಲಸವಿಲ್ಲದೆ ಕೂರುವುದು ಕೋಳಿಗೂ ಗೊತ್ತಿಲ್ಲ. ಮೈಮೇಲೆ ಹುತ್ತ ಬೆಳೆಯುವ ತನಕ ಕೂತ ಋಷಿಗಳನ್ನು ಹರಿಕಥೆಯಲ್ಲಿ ಕೇಳಿದ್ದೇನೆ. ಅವರ ಮನೆಯಲ್ಲಿ ಹಾಲು ಇಳಿಸುತ್ತಿದ್ದವರು ಯಾರೆಂದು ದಾಸರು ಹೇಳಲಿಲ್ಲ.

ಶನಿವಾರ ಹಾಲು ಉಕ್ಕಿತು. ಸೆರಗನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದೆ. ರಾಜಮ್ಮ ಓಡಿಬಂದು ಪಾತ್ರೆ ಇಳಿಸಿದಳು. ಆಮೇಲೆ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.

ಭಾನುವಾರ ಮಾದಯ್ಯ ನನ್ನನ್ನು ಮಂಡಿ ಮಡಿಸಿ ಕೂರಿಸಿದ. ದಡ ಬಿಟ್ಟ ಕೂಡಲೇ ಮನಸ್ಸು ಏಳಲು ಶುರುಮಾಡಿತು. ಕೋಳಿ ಗೂಡು ಮುಚ್ಚಿದೆನಾ? ಎಮ್ಮೆಯ ಹಗ್ಗ? ಅದು ಎದ್ದೆದ್ದು ಮನೆಗೆ ಹೋಗಿ ಬಂತು. ಮೈ ಮಾತ್ರ ಕೂತಿತ್ತು.

ಹೆಮ್ಮಿಗೆ ಬಂತು. ಮೆಟ್ಟಿಲ ಮೇಲೆ ಒಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈಯಿಟ್ಟು ನೋಡಿದರು. ನನ್ನ ತಮ್ಮನ ಹೆಂಡತಿ ಒದ್ದೆ ಬಟ್ಟೆ ಹಿಡಿದೇ, "ಅಯ್ಯೋ, ಅತ್ಗೆಮ್ಮ ಕಣ್ರೇ!" ಎಂದು ಕೂಗಿದಳು. ಮಾದಯ್ಯನೂ ಬೇಡ, ಬಂಡೆಯೂ ಬೇಡ, ಎದ್ದು ನಿಂತೇ ಬಿಡೋಣ ಎನ್ನಿಸಿತು. ಎದ್ದೆ ಎಂದುಕೊಂಡೆ. ಏಳಲಾಗಲಿಲ್ಲ. ಎರಡು ಕಾಲೂ ಜೋಮು ಹಿಡಿದು ಮರದ ಕೊರಡಾಗಿದ್ದವು.

ಅಷ್ಟರಲ್ಲಿ ಬಂಡೆಗಳು ಬಂದವು. ಹರಿಗೋಲು ಬುಗುರಿಯಂತೆ ತಿರುಗಿತು, ನೀರು ಮುಖಕ್ಕೆ ರಾಚಿತು, ನಮ್ಮ ಮನೆಯ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ಇದ್ದಂತೆಯೇ ಇದ್ದೆ. ಬೇರೆ ದಾರಿ ಇರಲಿಲ್ಲ.

ತಲಕಾಡಿನ ಮರಳಿಗೆ ನನ್ನನ್ನು ಇಬ್ಬರು ಎತ್ತಿ ಇಳಿಸಿದರು. ಮಾದಯ್ಯ ಎಲ್ಲರಿಗೂ ಕೇಳುವಂತೆ, "ಅವ್ವನ್ನ ನೋಡಿ ಕಲೀರಪ್ಪ! ಕಲ್ಲು ಕೂತಂಗೆ ಕೂತಿದ್ರು" ಎಂದ. ಕಾಲಿಗೆ ಸಾವಿರ ಇರುವೆ ಮುತ್ತಿದಂತಿತ್ತು. ತುಟಿಪಿಟಕ್ಕೆನ್ನದೆ ಹೊಗಳಿಕೆ ತೆಗೆದುಕೊಂಡೆ.

ಆಮೇಲಿಂದ, ಕುರ್ಚಿಯಲ್ಲಿ ಬಹುಕಾಲ ಅಲುಗಾಡದೆ ಕೂತ ದೊಡ್ಡವರನ್ನು ಕಂಡರೆ ನಾನು ಬೇಗ ಕೈಮುಗಿಯುವುದಿಲ್ಲ. ಅವರಲ್ಲಿ ಎಷ್ಟು ಜನಕ್ಕೆ ಏಳುವ ಆಸೆಯಿದ್ದು ಕಾಲೇ ಬರುತ್ತಿಲ್ಲವೋ, ಯಾರಿಗೆ ಗೊತ್ತು.