ಪಾರ್ಟಿಷನ್ ಮಾವ

ನನ್ನ ಸೋದರಮಾವ ಬಡಗಿ. ಕುರ್ಚಿ ಮಾಡಿದರೆ ಒಂದು ಕಾಲು ಗಿಡ್ಡ, ಬಾಗಿಲು ಮಾಡಿದರೆ ಚೌಕಟ್ಟಿಗೆ ಕೂರದು. ಆದರೆ ನಡುವೆ ಪ್ಲೈವುಡ್ ನಿಲ್ಲಿಸಿ ಒಂದು ಕೋಣೆಯನ್ನು ಎರಡು ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಊರೆಲ್ಲ ಅವನನ್ನು ಪಾರ್ಟಿಷನ್ ಎಂದೇ ಕರೆಯುತ್ತಿತ್ತು.

ದೇಶ ತುಂಬುತ್ತಿದ್ದ ಕಾಲ ಅದು. ಕಾರ್ಖಾನೆಗಳು ಬಂದವು, ಅವುಗಳ ಹಿಂದೆ ಜನ ಬಂದರು, ಬಂದವರು ಸುಮ್ಮನಿರದೆ ಮಕ್ಕಳನ್ನೂ ಹೆತ್ತರು. ಚದರ ಕಿಲೋಮೀಟರಿಗೆ ಇಷ್ಟು ಜನ ಎಂದು ರೇಡಿಯೋ ಬಾಯಿ ಬಡಿದುಕೊಂಡರೆ ಮಾವ, "ಇನ್ನೊಂದಿಷ್ಟು ಹುಟ್ಲಿ ಬಿಡಿ, ನನ್ನ ಗಂಟೇನು ಹೋಗುತ್ತೆ?" ಎನ್ನುತ್ತಿದ್ದ.

ಅವನ ಪಾರ್ಟಿಷನ್ ಎಂದೂ ಸೂರು ಮುಟ್ಟುತ್ತಿರಲಿಲ್ಲ. ಒಂದೇ ಫ್ಯಾನಿನ ಗಾಳಿ ಎರಡೂ ಕಡೆ ಬೀಳಲೆಂದು ಮೇಲೆ ಒಂದು ಮೊಳ ಬಿಡುತ್ತಿದ್ದ. ಗಾಳಿಯ ಜೊತೆ ಗೊರಕೆ, ಕೆಮ್ಮು, ಗಂಡ ಹೆಂಡಿರ ಜಗಳ ಎಲ್ಲವೂ ದಾಟುತ್ತಿದ್ದವು. ನನ್ನ ಅಪ್ಪ ತೀರಿಕೊಂಡ ಮೇಲೆ ಮಾವ ತನ್ನ ಕೋಣೆಯನ್ನೂ ಹಾಗೇ ಸೀಳಿ, ಅಕ್ಕನನ್ನೂ, ಅಂದರೆ ನನ್ನ ಅಮ್ಮನನ್ನೂ, ಜೊತೆಗೆ ನನ್ನನ್ನೂ ಆಚೆ ಬದಿಗೆ ತಂದಿಟ್ಟುಕೊಂಡ. ಮದುವೆಯ ಮಾತೆತ್ತಿದರೆ, "ಬಂದೋಳನ್ನ ಎಲ್ಲಿ ಮಲಗಿಸ್ಲಿ, ಫ್ಯಾನ್ ಮೇಲಾ?" ಎಂದು ರೇಗುತ್ತಿದ್ದ. ಮಲಗುವ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಪಾರ್ಟಿಷನ್ನಿನ ಆಚೀಚೆಯಿಂದಲೇ ಕಣ್ಣು ಎಳೆಯುವ ತನಕ ಕಾಲು ಕೆರೆದು ಜಗಳವಾಡುತ್ತಿದ್ದರು.

ಆಮೇಲೆ ಕಾಲ ತಿರುಗಿತು. ಜನ ಒಂದು ಮಗು ಹೆತ್ತು ಕೈತೊಳೆದುಕೊಂಡರು, ಕೆಲವರು ಅದರ ಉಸಾಬರಿಯೂ ಬೇಡವೆಂದರು. ಮುದುಕರು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಶಾಲೆಗಳಲ್ಲಿ ಮಕ್ಕಳಿಗಿಂತ ಬೆಂಚುಗಳೇ ಜಾಸ್ತಿಯಾದವು. ಬಾಡಿಗೆದಾರರನ್ನು ಗೋಳು ಹೊಯ್ದುಕೊಂಡಿದ್ದ ಮನೆ ಮಾಲೀಕರು ಈಗ ಅವರಿಗೇ ಹಲ್ಲುಗಿಂಜುತ್ತ, ದೊಡ್ಡ ಕೋಣೆಯ ಆಸೆ ತೋರಿಸಲೆಂದು ಮಾವನ ಕೈಯಲ್ಲೇ ಅವನು ಹಾಕಿದ ಪಾರ್ಟಿಷನ್‌ಗಳನ್ನು ಕೀಳಿಸಿದರು. ಹಾಕಿದ್ದಕ್ಕೂ ಕೂಲಿ, ಕಿತ್ತಿದ್ದಕ್ಕೂ ಕೂಲಿ! ಮಾವ ಮೀಸೆ ತಿರುವಿಕೊಂಡು ಓಡಾಡಿದ.

ಆ ಮೀಸೆ ಇಳಿಸಿದವಳು ಅಮ್ಮ. ಪಕ್ಕದ ಬೀದಿಯಲ್ಲಿ ಮೂರು ಕೋಣೆಯ ಮನೆ ಪುಕ್ಕಟೆ ಎನ್ನುವಷ್ಟು ಕಡಿಮೆ ಬಾಡಿಗೆಗೆ ಸಿಕ್ಕಿತ್ತು.

"ಮುದುಡಿಕೊಂಡು ಮಲಗಿದ್ದು ಸಾಕಪ್ಪ. ಇನ್ನಾದ್ರೂ ಕಾಲು ಚಾಚ್ತೀನಿ," ಎಂದಳು. "ನೀನೂ ಬರ್ತೀಯೇನೋ?"

"ನಾನ್ಯಾಕೆ ಬರ್ಲಿ? ನೀನು ಹೋದ್ರೆ ನನಗೆ ನೆಮ್ಮದಿ."

ಅದು ಶುದ್ಧ ಸುಳ್ಳು. ನಾವು ಸಾಮಾನು ಕಟ್ಟುವಾಗ ಅವನು ಒಂದೇ ಮೊಳೆಯನ್ನು ಹೊಡೆಯುತ್ತ, ಕೀಳುತ್ತ ಕೂತಿದ್ದ. 'ಹೋಗಬೇಡ' ಎಂದರೆ ನಾಲಿಗೆ ಸವೆಯುತ್ತಿತ್ತೇ? ಅವನ ಹಟ ಕಂಡು ನನಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು.

ಮನೆ ಮಾಲೀಕ ಅವನ ಕೋಣೆಯ ಪಾರ್ಟಿಷನನ್ನೂ ತೆಗೆಸಿದ. ಅದರ ಮರುದಿನ ಮಾವ ಗರಗಸದ ಚೀಲ ಹೆಗಲಿಗೇರಿಸಿ, ತಲೆಯ ಮೇಲೆ ಪ್ಲೈವುಡ್ ಹೊತ್ತು ನಮ್ಮ ಬಾಗಿಲಲ್ಲಿ ನಿಂತಿದ್ದ. ಮುಖ ಬಾಡಿತ್ತು.

"ನಿಮ್ಮ ಹಾಲ್ ವಿಪರೀತ ದೊಡ್ಡದಾಯ್ತು. ನಡುವೆ ಒಂದು ಪಾರ್ಟಿಷನ್ ಹಾಕ್ತೀನಿ."

"ತಲೆ ಕೆಟ್ಟಿದೆಯಾ? ಇರೋ ಕೋಣೆಗೇ ಜನ ಇಲ್ಲ. ಪಾರ್ಟಿಷನ್ ಆಚೆ ಯಾರನ್ನ ಇಡ್ಲಿ?"

ಮಾವ ನೆಲ ನೋಡಿದ. "ನನ್ನ," ಎಂದ. "ಒಬ್ನೇ ಇರಕ್ಕಾಗ್ತಿಲ್ಲ ಅಕ್ಕಾ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಲಗೆ ಬೀದಿಗೆ ಬಿಸಾಕು," ಎಂದಳು. "ನೀನು ಒಳಗೆ ಬಾ."