ಅಜ್ಜಿ ಘಾಟಿನಿಂದ ಕರೆತಂದ ಹಾಡುಗಾರ್ತಿ

ಇಂಗ್ಲೆಂಡಿನ ಪೋಸ್ಟ್-ಪಂಕ್ ಎಂಬ ಬಂಡಾಯದ ರಾಕ್ ಸಂಗೀತದ ಹಾಡುಗಾರ್ತಿಯೊಬ್ಬಳು ತೀರಿಕೊಂಡಳೆಂದು ಮಗಳು ಫೋನಿನಲ್ಲಿ ಫೋಟೋ ತೋರಿಸಿದಳು. ಬೋಳುತಲೆ, ಅದೇ ನಗು. ಈಕೆಯನ್ನು ನಾನು ಬಲ್ಲೆ!

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ಕಾಶಿಯಲ್ಲಿದ್ದೆವು. ನಮ್ಮ ವಿಧವೆ ಅಜ್ಜಿ ಬೋಳಿಸಿದ ತಲೆಯ ಮೇಲಿನ ಕೆಂಪು ಸೆರಗನ್ನು ಮನೆಯೊಳಗೂ ಜಾರಗೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಘಾಟಿನಿಂದ ಈ ಹುಡುಗಿಯ ಕೈಹಿಡಿದು ಕರೆತಂದರು. "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಗಂಡ ಹೋಗಿದಾನೆ" ಎಂದು ಅವಲಕ್ಕಿ ಬಡಿಸತೊಡಗಿದರು.

ನಾನು ಶಾಲೆಯ ಇಂಗ್ಲಿಷಿನಲ್ಲಿ ವಿಚಾರಿಸಿದೆ. "ಅಜ್ಜೀ, ಮದುವೇನೇ ಆಗಿಲ್ವಂತೆ! ಹಾಡ್ತಾಳಂತೆ. ತಲೆ ತಾನೇ ಬೋಳಿಸ್ಕೊಂಡಿದ್ದಂತೆ."

ಅಜ್ಜಿಯ ಕೈ ನಿಂತಿತು. "ಯಾರೂ ಹಿಡಿದು ಕೂರಿಸಿ ಬೋಳಿಸ್ಲಿಲ್ವಂತಾ? ಕೇಳು."

ಇಲ್ಲವೆಂದು ಅವಳು ನಕ್ಕಳು. ಅಜ್ಜಿ ಅವಳ ನೆತ್ತಿ ಸವರಿ ನೋಡಿ, ಮೆಲ್ಲನೆ ತಮ್ಮ ಸೆರಗನ್ನು ಇಳಿಸಿದರು.

"ಇವಳನ್ನ ನೋಡಿ ಎಷ್ಟೋ ಹುಡುಗೀರಿಗೆ ಧೈರ್ಯ ಬಂತಂತೆ" ಎಂದು ಮಗಳು ಓದುತ್ತಿದ್ದಾಳೆ. ಆ ಹುಡುಗಿಯರಲ್ಲಿ ಒಬ್ಬಳಿಗೆ ಅಂದು ಕಾಶಿಯಲ್ಲೇ ಎಪ್ಪತ್ತು ದಾಟಿತ್ತು.