ಐದು ಗಂಟೆಯೊಳಗೆ ಒಂದು ಹೂಜಿ

ಕಸ ಗುಡಿಸುವ ಮುಂಚೆ ನೆಲಕ್ಕೆ ನಾಲ್ಕು ಹನಿ ನೀರು ಚಿಮುಕಿಸಬೇಕು, ಆಗ ಧೂಳು ಏಳುವುದಿಲ್ಲ ಎಂದು ನನಗೆ ಕಲಿಸಿದವಳು ನಮ್ಮವ್ವ. ಕಲಬುರಗಿ ಕಡೆಯ ನಮ್ಮ ಮನೆಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಹೈದರಾಬಾದಿನ ಈ ಬಾಡಿಗೆ ಮನೆಯಲ್ಲಿ, ಟೈಲ್ಸ್ ಹಾಕಿದ ನೆಲದ ಮೇಲೂ ಅವ್ವ ಚಂಬು ಹಿಡಿದು ನೀರು ಚಿಮುಕಿಸುತ್ತಾಳೆ. ನಾನು ಎಂ.ಕಾಂ. ಓದಿದವಳು, ಅಮೀರ್‌ಪೇಟ್‌ನ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಆದರೂ ಒಂದು ಕೈಗೆ ಪೊರಕೆ ಬಂದರೆ ಇನ್ನೊಂದು ಕೈ ತಾನಾಗಿ ನೀರು ಹುಡುಕುತ್ತದೆ. ಆ ಅಭ್ಯಾಸದಿಂದ ಒಂದು ಮಧ್ಯಾಹ್ನ ನಾನು ಕಾಕಾರನ್ನು ಸುಟ್ಟುಹಾಕುವುದರಲ್ಲಿದ್ದೆ.

ಕಾಕಾ ನಮಗೆ ಸಂಬಂಧಿಕರಲ್ಲ. ಸನತ್‌ನಗರದಲ್ಲಿ ನಮ್ಮ ಕೆಳಗಿನ ಮನೆಯವರು, ಬೀದರ ಕಡೆಯವರು. ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಬಿದ್ರಿ ಕೆಲಸ ಅವರ ಕಸುಬು. ಸತುವು, ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದು ಹೂಜಿ, ತಟ್ಟೆ, ಡಬ್ಬಿ ಮಾಡುತ್ತಾರೆ. ಅದನ್ನು ಉಜ್ಜಿ ನುಣುಪು ಮಾಡಿ, ಉಳಿಯಿಂದ ಹೂಬಳ್ಳಿ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕಡೆಗೆ ಬೀದರ ಕೋಟೆಯ ಮಣ್ಣು ಕಲಸಿದ ಕುದಿನೀರಿನಲ್ಲಿ ಅದ್ದಿದರೆ ಲೋಹವೆಲ್ಲ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆಗೆ ನಾನು ಎದ್ದು ಹತ್ತಿರ ಹೋಗುತ್ತೇನೆ.

ನಲವತ್ತು ವರ್ಷ ಅವರ ಕೈಯ ಕೆಲಸ ಅಂಗಡಿಗಳ ಹೆಸರಿನಲ್ಲಿ ಹೋಗಿದೆ. ಒಮ್ಮೆ ಗಚ್ಚಿಬೌಲಿಯ ಒಂದು ದೊಡ್ಡ ಕಚೇರಿಯ ಗಾಜಿನ ಕಪಾಟಿನಲ್ಲಿ ತಮ್ಮದೇ ಹೂಜಿಯನ್ನು ನೋಡಿ ಬಂದಿದ್ದರು. ಕೆಳಗಿಟ್ಟ ಚೀಟಿಯಲ್ಲಿ ಅಂಗಡಿಯ ಹೆಸರಿತ್ತಂತೆ. ಅದನ್ನು ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. "ಬಳ್ಳಿ ಸ್ವಲ್ಪ ಎಡಕ್ಕ ವಾಲಿತ್ತು. ನಂದೇ ಅಂತ ಗುರ್ತು ಸಿಕ್ತು" ಎಂದಷ್ಟೇ ಹೇಳಿದ್ದರು.

ಅದಕ್ಕೇ ನಾನು ಮೊಬೈಲಿನಲ್ಲಿ ಆ ಕಲಾಮೇಳದ ಪ್ರಕಟಣೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಎದ್ದು ಕೂತರು. ಯಾರು ಬೇಕಾದರೂ ಹೋಗಿ ಮಳಿಗೆ ಹಾಕುವ ಮೇಳವಲ್ಲ ಅದು. ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ಕೆಲಸ ನೋಡಿ ಆರಿಸಬೇಕು, ಆರಿಸಿದವರ ಮಳಿಗೆಯ ಮೇಲೆ ಕಲಾವಿದರ ಹೆಸರನ್ನೇ ಬರೆಸುತ್ತಾರೆ.

"ಅಂಗಡಿ ಹೆಸರಲ್ಲ?"

"ಅಲ್ಲ ಕಾಕಾ. ನಿಮ್ಮ ಹೆಸರು."

"ಹಂಗಾದ್ರ ಹಾಕೂಣು" ಎಂದರು. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಕೊನೆಯ ದಿನಾಂಕ ತಿಂಗಳ ಕೊನೆಗೆ ಎಂದಿತ್ತು. ಕಾಕಾ ಕೈಯಲ್ಲಿದ್ದ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಆಗಲೇ ಅರ್ಧ ಆಗಿದ್ದವುಗಳಲ್ಲಿ ಬೇಕಾದ ಐದು ವಸ್ತುಗಳನ್ನು ಆರಿಸಿ ಎರಡು ದಿನ ಮುಂಚೆಯೇ ಮುಗಿಸಿದರು. ಫೋಟೋ ತೆಗೆದು, ಅರ್ಜಿ ತುಂಬಿ ಕಳಿಸಿದೆ. ಮಾರನೆಯ ದಿನ ಒಂದು ಸಂದೇಶ ಬಂತು: ಕಲಾವಿದರ ಕೋರಿಕೆಯ ಮೇರೆಗೆ ಹದಿನೈದು ದಿನ ವಿಸ್ತರಿಸಲಾಗಿದೆ.

"ಯಾವ ಕಲಾವಿದರು ಕೋರಿದ್ರಂತ?" ಕಾಕಾ ಕೇಳಿದರು. "ನಾ ಅಂತೂ ಕೋರಿಲ್ಲ. ಏನಬೇ, ನೀ ಏನರ ಕೋರಿದ್ದೇನು?"

ಒಳಗಿನಿಂದ ಕಾಕು ಹೇಳಿದರು: "ನಾ ಕೋರಿದ್ದು ಯಾವುದು ಆಗೇತ್ರಿ ಈ ಮನ್ಯಾಗ? ಗ್ಯಾಸಿನ ಒಲಿ ರಿಪೇರಿ ಮಾಡಿಸ್ರಿ ಅಂತ ಕೋರಾಕತ್ತು ತಿಂಗಳಾತು. ಅದಕ್ಕೂ ನೀವು ವಿಸ್ತರಣಾನ ಕೊಟ್ಟೀರಿ."

ಆದರೆ ವಿಸ್ತರಣೆಯ ಜೊತೆಗೆ ಹೊಸ ನಿಯಮವೂ ಬಂದಿತ್ತು. ಮೊದಲ ಹಂತದಿಂದ, ಅಂದರೆ ಬಿದ್ರಿಗೆ ಲೋಹ ಹೊಯ್ಯುವುದರಿಂದ, ಹಿಡಿದು ಎಲ್ಲವನ್ನೂ ಕಲಾವಿದರೇ ಮಾಡುತ್ತಾರೆ ಎಂದು ತೋರಿಸುವ ಎರಡು ನಿಮಿಷದ ವಿಡಿಯೋ ಬೇಕು, ಈಗಾಗಲೇ ಅರ್ಜಿ ಹಾಕಿದವರೂ ಮತ್ತೆ ಹಾಕಬೇಕು. ಅರ್ಜಿದಾರರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕುಂಬಾರ ಹೆಣ್ಣುಮಗಳು, ನಾವು ಪರೀಕ್ಷೆ ಬರೆದು ಎದ್ದ ಮೇಲೆ ಪ್ರಶ್ನೆಪತ್ರಿಕೆ ಬದಲಾಯಿಸಿದ್ದಾರೆ ಎಂದು ಬರೆದಿದ್ದಳು. ಅದಕ್ಕೆ ಸಂಘಟಕರು ಕೈಮುಗಿಯುವ ಒಂದು ಚಿತ್ರ ಕಳಿಸಿದರು. ಆಮೇಲೆ ಕೊನೆಯ ದಿನಾಂಕ ಇನ್ನೂ ಹತ್ತು ದಿನ ಮುಂದಕ್ಕೆ ಹೋಯಿತು. ಈ ಸಲ ಕಾರಣ ಯಾರೂ ಹೇಳಲಿಲ್ಲ.

ಮೊದಲ ವಿಸ್ತರಣೆ ಬಂದಾಗಿನಿಂದಲೂ ಮಳೆ ಹಿಡಿದಿತ್ತು. ಮಳೆಯಲ್ಲಿ ಕಾಕಾ ಲೋಹ ಹೊಯ್ಯುವುದಿಲ್ಲ. "ಕರಗಿದ ಲೋಹಕ್ಕೂ ನೀರಿಗೂ ಆಗಿಬರೂದಿಲ್ಲ ತಂಗಿ. ಒಂದು ಹನಿ ಸಾಕು, ಎದ್ದು ಮಕಕ್ಕ ಬರ್ತದ" ಎಂದು ನಾನು ಸಣ್ಣವಳಿದ್ದಾಗಲೇ ಹೇಳಿದ್ದರು. ಅದಕ್ಕೇ ಅವರ ಅಚ್ಚಿನ ಮಣ್ಣನ್ನು ನೀರಿನಲ್ಲಿ ಕಲಸುವುದಿಲ್ಲ, ಔಡಲೆಣ್ಣೆ, ರಾಳ ಹಾಕಿ ಕಲಸುತ್ತಾರೆ. ಹೊಯ್ಯುವ ಮುಂಚೆ ಅಚ್ಚಿನ ಬಾಯಿಯ ಮೇಲೆ ಅಂಗೈ ಇಟ್ಟು, ಆ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಪಸೆ ಇದ್ದರೆ ಕೆನ್ನೆಗೆ ಗೊತ್ತಾಗುತ್ತದಂತೆ. ಹತ್ತು ದಿನ ಇದೆಯಲ್ಲ, ಬಿಸಿಲು ಬರಲಿ ಎಂದು ಅವರು ಕಾದರು.

ಆ ಹತ್ತರಲ್ಲಿ ನಾಲ್ಕನೆಯ ದಿನ ಬಿಸಿಲು ಬಂತು. ಅಂದು ನನಗೆ ರಜೆ. ಮಧ್ಯಾಹ್ನ ಒಂದೂವರೆಗೆ ಮೊಬೈಲಿಗೆ ಸಂದೇಶ: ನಿರೀಕ್ಷೆಗಿಂತ ಹೆಚ್ಚು ಅರ್ಜಿಗಳು ಬಂದಿರುವುದರಿಂದ ಇಂದು ಸಂಜೆ ಐದಕ್ಕೆ ಮುಕ್ತಾಯ.

ನಾನು ಎರಡು ಗಲ್ಲಿ ಆಚೆಯ ಅವರ ಶೆಡ್ಡಿಗೆ ಓಡಿದೆ. ಅವರು ಅಚ್ಚುಗಳನ್ನು ಒಣಗಲು ಗೋಡೆಯ ಬದಿಗೆ ಸಾಲಾಗಿ ಇಡುತ್ತಿದ್ದರು.

"ಇವತ್ತಾ?"

"ಇವತ್ತ ಕಾಕಾ, ಐದಕ್ಕ."

ಅವರು ಅಚ್ಚುಗಳ ಕಡೆ ನೋಡಿದರು, ಬಾಗಿಲಾಚೆಯ ಬಿಸಿಲಿನ ಕಡೆ ನೋಡಿದರು. "ಆಗಲಿ" ಎಂದು ಕುಲುಮೆಗೆ ಗಾಳಿ ಹಾಕತೊಡಗಿದರು.

ಲೋಹ ಕರಗುವವರೆಗೆ ನನಗೆ ಕೆಲಸವಿರಲಿಲ್ಲ. ಮೊಬೈಲು ಹಿಡಿದು ನೋಡಿದರೆ ಶೆಡ್ಡು ಬಹಳ ಕೊಳಕಾಗಿ ಕಾಣುತ್ತಿತ್ತು. ಸಮಿತಿಯವರು ಏನೆಂದುಕೊಳ್ಳುತ್ತಾರೋ ಎಂದು ಮೂಲೆಯ ಪೊರಕೆ ತೆಗೆದುಕೊಂಡೆ. ಡ್ರಮ್ಮಿನಿಂದ ಒಂದು ಮಗ್ಗು ನೀರು ತುಂಬಿ ಚಿಮುಕಿಸಿದೆ. ನೆಲಕ್ಕೆ, ಬಾಗಿಲಿನ ಹತ್ತಿರ, ಗೋಡೆಯ ಬದಿಗೆ. ಕಾಕಾ ನನಗೆ ಬೆನ್ನು ಮಾಡಿ ಬೆಂಕಿ ನೋಡುತ್ತಿದ್ದರು. ಬಾಯಿ ತೆರೆದ ಅಚ್ಚುಗಳು ಅಲ್ಲೇ ಇದ್ದವು. ಒಳಗೆ ಬಿದ್ದದ್ದು ಎರಡು ಹನಿಯೋ ಮೂರು ಹನಿಯೋ.

ಮೂರು ಗಂಟೆ ಹತ್ತು ನಿಮಿಷಕ್ಕೆ ಲೋಹ ಸಿದ್ಧವಾಯಿತು. ನಾನು ವಿಡಿಯೋ ಶುರುಮಾಡಿದೆ. ಕಾಕಾ ಅಚ್ಚಿನ ಮುಂದೆ ಕೂತು ಎಂದಿನಂತೆ ಅಂಗೈ ಚಾಚಿದರು.

"ಕೈ ಅಡ್ಡ ಬರಾಕತ್ತೇತಿ ಕಾಕಾ. ಅಚ್ಚು ಕಾಣವಲ್ದು. ಲಗೂ ಹೊಯ್ರಿ, ಹೊತ್ತಿಲ್ಲ."

ಅವರು ಕೈ ಹಿಂದೆ ತೆಗೆದುಕೊಂಡರು. ಆ ವಿಡಿಯೋದಲ್ಲಿ ನಾನು ಈಗಲೂ ಮತ್ತೆ ಮತ್ತೆ ನೋಡುವುದು ಸಿಡಿದದ್ದನ್ನಲ್ಲ, ಆ ಕೈಯನ್ನು. ನನ್ನ ಮಾತು ಕೇಳಿ ಅದು ಅಚ್ಚಿನ ಮೇಲಿನಿಂದ ಹಿಂದೆ ಸರಿದದ್ದನ್ನು.

ಎದ್ದು ಹೋಗಿ ಲೋಹ ಕರಗಿದ್ದ ಮೂಸೆಯನ್ನು ಇಕ್ಕಳದಲ್ಲಿ ಎತ್ತಿ ತಂದು ಬಗ್ಗಿಸಿದರು. ಮೊದಲು ಒಂದು ಸಣ್ಣ ಸದ್ದು, ಬಾಟಲಿಯ ಬಿರಡೆ ತೆಗೆದ ಹಾಗೆ. ಮರುಕ್ಷಣ ಬಿಳಿಯ ಲೋಹ ಅಚ್ಚಿನ ಬಾಯಿಯಿಂದ ತಲೆಯೆತ್ತರಕ್ಕೆ ಎದ್ದು, ತಗಡಿನ ಛಾವಣಿಗೆ ಬಡಿದು, ಹನಿಹನಿಯಾಗಿ ಎಲ್ಲೆಡೆ ಉದುರಿತು. ನಾನು ಕಿರುಚಿದೆ. ನನ್ನ ಚಪ್ಪಲಿಯ ಪಟ್ಟಿಯ ಮೇಲೆ ಒಂದು ಹನಿ ಬಿದ್ದು ಹೊಗೆಯೆದ್ದಿತು.

ಕಾಕಾರ ಎಡತೋಳಿನ ಮೇಲೆ ಎರಡು ಕಡೆ ಲೋಹ ಬಿದ್ದಿತ್ತು. ಅಂಗಿ ಸುಟ್ಟು ಅಂಟಿಕೊಂಡಿದ್ದು ನನಗೆ ಕಾಣುತ್ತಿತ್ತು. ಅವರು ಇಕ್ಕಳ ಬಿಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಲೋಹ ಇನ್ನೂ ಮೂಸೆಯಲ್ಲೇ ಇತ್ತು, ಕೆಳಗೆ ನಾನು ಒದ್ದೆ ಮಾಡಿದ ನೆಲ, ಆ ಒದ್ದೆಯ ನಡುವೆ ನಾನು. ಕೈ ಬಿಟ್ಟಿದ್ದರೆ ಅವರು ಆ ಗಳಿಗೆಯೇ ತಮ್ಮ ತೋಳು ನೋಡಿಕೊಳ್ಳಬಹುದಿತ್ತು, ಲೋಹ ನನ್ನ ಮೇಲೆ ಸಿಡಿಯುತ್ತಿತ್ತು. ಅವರು ಮೂಸೆಯನ್ನು ಮಟ್ಟವಾಗಿ ಹಿಡಿದುಕೊಂಡೇ ನನ್ನ ಮತ್ತು ಅಚ್ಚಿನ ನಡುವೆ ಬಂದು ನಿಂತರು. "ಓಡಬ್ಯಾಡ ತಂಗಿ. ನೆಲಾ ನೋಡಿ ಹಿಂದ ಸರಿ. ಸಾವಕಾಶ" ಎಂದರು, ಬಸ್ಸಿನಿಂದ ಇಳಿಯುವ ಮಗುವಿಗೆ ಹೇಳುವ ದನಿಯಲ್ಲಿ. ನಾನು ಬಾಗಿಲು ದಾಟಿದ ಮೇಲೆ, ನೋಡಿ ನೋಡಿ ಹೆಜ್ಜೆ ಇಡುತ್ತ ಹೋಗಿ, ಮೂಸೆಯನ್ನು ಒಣ ಮರಳಿನ ಮೇಲೆ ಇಟ್ಟರು. ಇಕ್ಕಳವನ್ನು ಅದರ ಜಾಗದಲ್ಲಿ ನೇತುಹಾಕಿದರು. ಆಮೇಲೆ ಕೂತರು.

ನಾನು ಅವರನ್ನು ಹೊರಗೆ ಕರೆತಂದು ಸುಟ್ಟ ತೋಳಿಗೆ ಮಗ್ಗಿನ ಮೇಲೆ ಮಗ್ಗು ನೀರು ಸುರಿದೆ. ಅಕ್ಕಪಕ್ಕದವರಿಂದ ಸುದ್ದಿ ತಿಳಿದು ಓಡಿಬಂದ ಕಾಕು ಒಂದು ಆಟೋ ನಿಲ್ಲಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಹೇಳಿದೆ, "ನೀರು ಚಿಮುಕಿಸಿದಾಕಿ ನಾನು ಕಾಕಾ."

"ನೆಲಾ ನೋಡಿದ ಮ್ಯಾಲ ಗೊತ್ತಾತು."

"ನಾ ಅವಸರ ಮಾಡಿಲ್ಲಂದ್ರ ನೀವು ಕೈ ಇಟ್ಟು ನೋಡ್ತಿದ್ರಿ."

"ಕೈ ಹಿಂದ ತಗೊಂಡಾಂವ ನಾನು. ಹೊಯ್ಯೂ ಕೆಲಸ ನಂದು, ನಿಂದಲ್ಲ. ಅಳಬ್ಯಾಡ, ಡಾಕ್ಟರು ನಿನಗ ಪಟ್ಟಿ ಕಟ್ಯಾರು."

ಐದು ಗಂಟೆ ಆ ಬೆಂಚಿನ ಮೇಲೇ ಕಳೆಯಿತು. ಅರ್ಜಿ ಹೋಗಲಿಲ್ಲ. ಆರು ಗಂಟೆಗೆ ಮೊಬೈಲು ಸದ್ದು ಮಾಡಿತು. ಕಲಾವಿದರ ಕೋರಿಕೆಯ ಮೇರೆಗೆ ಒಂದು ವಾರ ವಿಸ್ತರಿಸಲಾಗಿದೆ. ಓದಿ ಹೇಳಿದೆ.

"ಈ ಸಲಾನೂ ನೀವು ಕೋರಿಲ್ಲೇನ್ರಿ?" ಎಂದು ಕಾಕು ಕೇಳಿದರು. ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಕಾಕಾ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆ ಮೊಬೈಲನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು.

ಮಾರನೆಯ ದಿನ ಅವರು ಸಂಘಟಕರಿಗೆ ಒಂದು ಧ್ವನಿ ಸಂದೇಶ ಕಳಿಸಿದರು, ತಮ್ಮ ಉರ್ದು ಬೆರೆತ ಹಿಂದಿಯಲ್ಲಿ. ಅದರ ಅರ್ಥ ಇಷ್ಟು: ಒಂದು ಹೂಜಿಗೆ ಒಂದು ತಿಂಗಳು ಬೇಕು. ಯಾವ ದಿನ ಹೊಯ್ಯಬೇಕು, ಯಾವ ದಿನ ಕೊರೆಯಬೇಕು ಎಂದು ನಾವು ನಿಮ್ಮ ತಾರೀಖು ನೋಡಿ ಗೊತ್ತು ಮಾಡುತ್ತೇವೆ. ಹತ್ತಿರದ ತಾರೀಖು ಹೇಳಿದರೂ ಆಗುತ್ತದೆ, ದೂರದ್ದು ಹೇಳಿದರೂ ಆಗುತ್ತದೆ. ಹೇಳಿದ ಮೇಲೆ ದಯವಿಟ್ಟು ಅಲ್ಲೇ ನಿಲ್ಲಿ. ಸುಟ್ಟ ವಿಷಯವನ್ನೂ ಹೇಳಿ ಎಂದು ನಾನು ಹಟ ಹಿಡಿದೆ. "ಅದು ನಮ್ಮ ಶೆಡ್ಡಿನ ಮಾತು. ಅವರಿಗ್ಯಾಕ?" ಎಂದರು.

ಎರಡು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೆ, ಪಟ್ಟಿ ಕಟ್ಟಿದ ತೋಳಿನಿಂದಲೇ ಅವರು ಮತ್ತೆ ಲೋಹ ಹೊಯ್ದರು. ವಿಡಿಯೋ ತೆಗೆದದ್ದು ಕಾಕು. ನಾನು ಗಲ್ಲಿಯ ತುದಿಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದೆ. ವಿಡಿಯೋದ ಒಂದು ಮೂಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕಾಕುವಿನ ಹೆಬ್ಬೆರಳಿತ್ತು. ಹಾಗೇ ಕಳಿಸಿದೆವು.

ಆಯ್ಕೆಯ ಸುದ್ದಿ ಬಂದದ್ದು ಸುಮಾರು ಮೂರು ವಾರದ ನಂತರ, ಒಂದು ಭಾನುವಾರ ಮಧ್ಯಾಹ್ನ. ಆಯ್ಕೆಯಾಗಿದ್ದೀರಿ, ಇಂದು ನಾಲ್ಕು ಗಂಟೆಯೊಳಗೆ ಸಹಿ ಮಾಡಿದ ಒಪ್ಪಿಗೆ ಪತ್ರದ ಫೋಟೋ ಕಳಿಸದಿದ್ದರೆ ನಿಮ್ಮ ಜಾಗವನ್ನು ಕಾಯುವ ಪಟ್ಟಿಯಲ್ಲಿರುವವರಿಗೆ ಕೊಡಲಾಗುವುದು ಎಂದಿತ್ತು. ಪತ್ರ ಮುದ್ರಿಸಿಕೊಂಡು ಕೆಳಗೆ ಹೋಗುವಷ್ಟರಲ್ಲಿ ಮೂರೂಕಾಲು.

ಕಾಕಾ ಪಡಸಾಲೆಯಲ್ಲಿ ಕೂತು ಒಂದು ಡಬ್ಬಿಗೆ ಬೆಳ್ಳಿ ಕೂರಿಸುತ್ತಿದ್ದರು. ಒಂದು ಎಲೆಯ ಗೆರೆಗೆ ತಂತಿ ಇಳಿಸಲು ಶುರುಮಾಡಿದರೆ ಎಲೆ ಮುಗಿಯುವವರೆಗೆ ಅವರು ಏಳುವುದಿಲ್ಲ. ನಡುವೆ ಬಿಟ್ಟರೆ ಸೇರಿದ ಜಾಗ ಗುರುತಾಗಿ ಉಳಿಯುತ್ತದೆ.

"ಕಾಕಾ, ಆಯ್ಕೆ ಆಗೇತಿ. ನಿಮ್ಮ ಸಹಿ ಬೇಕು."

ಸುತ್ತಿಗೆ ಒಂದು ಗಳಿಗೆ ನಿಂತಿತು. "ಯಾವಾಗಿನ ತನಕ?"

"ನಾಲ್ಕರ ತನಕ."

"ಈ ಎಲಿ ಆಗಲಿ."

ಬಾಗಿಲಲ್ಲಿ ನಿಂತಿದ್ದ ಕಾಕು ನನ್ನನ್ನು ನೋಡಿದರು. ಹೊತ್ತಿಲ್ಲ ಅಂತ ಹೇಳು ಎನ್ನುವಂತೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಮೊಬೈಲನ್ನು ಬೋರಲಾಗಿ ನೆಲದ ಮೇಲಿಟ್ಟು, ಅವರೆದುರು ಗೋಡೆಗೆ ಒರಗಿ ಕೂತೆ. ಅವರ ಎಡತೋಳಿನ ಮೇಲಿನ ಎರಡು ಕಲೆಗಳು ಇನ್ನೂ ಕೆಂಪಾಗಿದ್ದವು. ತೋಳು ಅಲುಗುತ್ತಿರಲಿಲ್ಲ. ಕೂದಲಿನಂಥ ತಂತಿ ಗೆರೆಯೊಳಗೆ ಇಳಿಯುತ್ತಿತ್ತು, ಒಂದು ಏಟು, ಇನ್ನೊಂದು ಏಟು, ಎಲೆಯ ತೊಟ್ಟಿನಿಂದ ತುದಿಯ ಕಡೆಗೆ. ಹೊತ್ತು ಎಷ್ಟಾಯಿತು ಎಂದು ನಾನು ಒಮ್ಮೆಯೂ ಹೇಳಲಿಲ್ಲ.

ತುದಿ ಮುಟ್ಟಿದ ಮೇಲೆ ಅವರು ಉಗುರಿನಿಂದ ಸವರಿ ನೋಡಿದರು. ಕೈ ಒರೆಸಿಕೊಂಡು, ಕಾಗದ ಮೊಣಕಾಲ ಮೇಲಿಟ್ಟುಕೊಂಡು ಸಹಿ ಮಾಡಿದರು. ನಾನು ಫೋಟೋ ತೆಗೆದು ಕಳಿಸಿದೆ. ನಾಲ್ಕಕ್ಕೆ ಇನ್ನೂ ಎಂಟು ನಿಮಿಷವಿತ್ತು. ತಲುಪಿದೆ ಎಂಬ ಸಂದೇಶದ ಕೆಳಗೆ, ಮಳಿಗೆಯ ಮೇಲೆ ಬರೆಸಬೇಕಾದ ಹೆಸರು ಇದೇ ತಾನೇ ಎಂದು ಕೇಳಿದ್ದರು.

"ಏನಂತ ಬರ್ದಾರ, ಓದು" ಎಂದರು ಕಾಕಾ.

ಓದಿದೆ. ಅವರ ಹೆಸರು, ಅವರ ತಂದೆಯ ಹೆಸರು, ಊರು.

"ಇನ್ನೊಮ್ಮೆ ಓದು ತಂಗಿ. ಈಕಿಗೂ ಕೇಳೂ ಹಂಗ ಓದು."